ಹಾಜಿರಾ ಹೇಳಿದ ಊರು

ಹಾಜಿರಾ ನಮ್ಮ ಕಿವಿಗೆ ಬೀಳುವಂತೆ ಆಡಿದ ಕೊನೆಯ ಮಾತು ಒಂದೇ ಪದ. ಎರಡು ಸಾವಿರದ ಇಪ್ಪತ್ನಾಲ್ಕರ ಮಾರ್ಚ್. ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ ಅವಳ ಮನೆಯ ಹಾಲ್‌ನಲ್ಲಿ ಆಸ್ಪತ್ರೆ ಮಂಚ ಹಾಕಿದ್ದರು. ಗಂಡ ಯೂನುಸ್ ಬಹಳ ದಿನಗಳಿಂದ ನುಂಗಿಕೊಳ್ಳುತ್ತಿದ್ದ ಪ್ರಶ್ನೆಯನ್ನು ಆ ಮಧ್ಯಾಹ್ನ ಕಡೆಗೂ ಕೇಳಿದ.

"ಎಲ್ಲಿ ಇಡಬೇಕು ಹಾಜಿರಾ, ನಿನ್ನನ್ನ?"

ಅವಳು ಕಣ್ಣು ತೆರೆಯದೆ "ಊರಲ್ಲೇ" ಎಂದಳು.

ಯೂನುಸ್ ಅವಳ ಕೈ ಹಿಡಿದು ಆಗಲಿ ಎಂದ. ಅವಳ ಗೆಳತಿಯಾದ ನಾನು ಮಂಚದ ಈ ಬದಿಯಲ್ಲಿದ್ದೆ. ಮರುದಿನ ನಸುಕಿನಲ್ಲಿ ಅವಳು ತೀರಿಕೊಂಡಳು. ಆಮೇಲೆ ಗೊತ್ತಾಯಿತು: ಯೂನುಸ್ ಕೇಳಿಸಿಕೊಂಡ ಊರು ಮೈಸೂರು, ನಾನು ಕೇಳಿಸಿಕೊಂಡದ್ದು ಕ್ಯಾರಿ. ಎಲ್ಲಿ ಮಣ್ಣು ಮಾಡಬೇಕೆಂಬುದು ಮಧ್ಯಾಹ್ನದೊಳಗೆ ತೀರ್ಮಾನವಾಗಬೇಕಿತ್ತು.

ನಾನು ಯಾಕೆ ಹಾಗೆ ಕೇಳಿಸಿಕೊಂಡೆ ಎಂದು ಹೇಳಲು ಅವಳ ಕತೆಯನ್ನೇ ಹೇಳಬೇಕು.

ಹಾಜಿರಾ ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ತಂದೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್, ಕೊಳ್ಳೇಗಾಲದ ರೂಟು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ ಮಾಧ್ಯಮ. ಆದರೂ ಅವರ ಮನೆಯ ಉರ್ದುವಿನಲ್ಲಿ 'ಗಾಂವ್' ಎನ್ನುವ ಪದ ಇರಲಿಲ್ಲವಂತೆ. ದಿನವಿಡೀ ಬಸ್ಸಿನಲ್ಲಿ "ಯಾವೂರು, ಯಾವೂರು" ಎಂದು ಕೇಳಿ ಬಂದ ಅಪ್ಪ ಮನೆಯಲ್ಲೂ ಊರನ್ನು ಊರು ಎಂದೇ ಕರೆಯುತ್ತಿದ್ದರು. ಮಕ್ಕಳೂ ಅದನ್ನೇ ಕಲಿತರು. ಅವಳು ಫಾರ್ಮಸಿ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಇಲ್ಲಿ ಮತ್ತೆ ಓದಿ, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧಿ ಕಂಪನಿ ಸೇರಿದಳು. ಮಾತ್ರೆ ಡಬ್ಬಿಯೊಳಗೆ ಮಡಿಸಿಟ್ಟಿರುವ, ನಾವು ಯಾರೂ ಓದದೆ ಬಿಸಾಡುವ ತೆಳು ಕಾಗದವನ್ನು ತಿದ್ದುವುದು ಅವಳ ಕೆಲಸ. 'ಊಟಕ್ಕೆ ಮೊದಲು ಅಥವಾ ನಂತರ ಒಂದು ಗಂಟೆ ಬಿಟ್ಟು' ಎಂದು ಬರೆದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಗಂಟೆ ಬಿಡಬೇಕಾದದ್ದು ನಂತರಕ್ಕೆ ಮಾತ್ರವೋ, ಮೊದಲಿಗೂ ಸೇರಿಯೋ? ಎರಡರ್ಥದ ಸಾಲು ಕಂಡರೆ ಮೀಟಿಂಗ್ ಮುಗಿಯಲು ಬಿಡುತ್ತಿರಲಿಲ್ಲ. ಇಡೀ ಜೀವನ ಎರಡರ್ಥದ ಮಾತುಗಳನ್ನು ಹುಡುಕಿ ತೆಗೆದವಳು ಕೊನೆಗೆ ನಮಗೆ ಬಿಟ್ಟುಹೋದದ್ದು ಅಂಥದ್ದೇ ಒಂದನ್ನು.

ನಾನು ಅವಳನ್ನು ಮೊದಲು ನೋಡಿದ್ದು ಕನ್ನಡ ಕೂಟದ ಒಂದು ಊಟದಲ್ಲಿ. ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸೊಬ್ಬರು ಅವಳ ತಲೆಯ ಸ್ಕಾರ್ಫ್ ನೋಡಿ, ಅವಳ ಮಾತು ಕೇಳಿ, "ಅಯ್ಯೋ, ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ!" ಎಂದರು.

"ನಿಮ್ಮದೂ ಪರವಾಗಿಲ್ಲ," ಎಂದಳು ಹಾಜಿರಾ. "ಸ್ವಲ್ಪ ಪ್ರಾಕ್ಟೀಸ್ ಮಾಡಿದ್ರೆ ಬಂದುಬಿಡುತ್ತೆ."

ನಾನು ಬಾಯಲ್ಲಿದ್ದ ಮಜ್ಜಿಗೆಯನ್ನು ಸೀರೆಯ ಮೇಲೆ ಚೆಲ್ಲಿಕೊಂಡೆ. ಅವಳು ತಿರುಗಿ, "ನೀವ್ಯಾಕೆ ನಗ್ತೀರಿ? ನಿಮ್ಮೂರು?" ಎಂದಳು.

"ಗದಗ."

"ಹಾಗಾದ್ರೆ ನಿಮ್ಮ ಕನ್ನಡಾನೂ ಇಲ್ಲಿ ಯಾರೂ ಒಪ್ಪಲ್ಲ. ಬನ್ನಿ, ಇಲ್ಲೇ ಕೂತ್ಕೊಳ್ಳಿ."

ಅಂದು ಕೂತವಳು ಅವಳ ಪಕ್ಕದಿಂದ ಎದ್ದದ್ದೇ ಇಲ್ಲ. ನನ್ನ ಹೆಸರು ನೀಲಗಂಗಾ, ಅವಳಿಗೆ ನೀಲಕ್ಕನಾದೆ.

ಎರಡು ಸಾವಿರದ ಇಪ್ಪತ್ತರಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ ಭಾನುವಾರದ ಕನ್ನಡ ತರಗತಿ ಜೂಮ್‌ಗೆ ಬಂತು. ಹಾಜಿರಾ ಕಲಿಸುತ್ತಿದ್ದಳು, ನಾನು ಅವಳ ಜೊತೆಗಿದ್ದೆ. ಒಂದು ದಿನ 'ಊರು' ಪದ ಬಳಸಿ ವಾಕ್ಯ ಮಾಡಿ ಎಂದಳು. ಯಾಮಿನಿ ಎಂಬ ಏಳು ವರ್ಷದ ಹುಡುಗಿ ಕೈ ಎತ್ತಿದಳು.

"ಊರಲ್ಲಿ ತುಂಬಾ ಮಸ್ಕಿಟೊ ಇದೆ."

"ಭೇಷ್. ಯಾವ ಊರಲ್ಲಿ?"

"ಊರಲ್ಲಿ ಆಂಟಿ. ಇಂಡಿಯಾ."

"ಊರು ಅಂದ್ರೆ ಇಂಡಿಯಾನಾ? ನಿನ್ನ ಊರು ಯಾವುದು ಹೇಳು, ಯಾಮಿನಿ."

"ನಂಗೆ ಊರು ಇಲ್ಲ. ಅಮ್ಮಂಗೆ ಇದೆ, ಅಪ್ಪಂಗೆ ಇದೆ. ಐ ಡೋಂಟ್ ಹ್ಯಾವ್ ಒನ್."

ಪರದೆಯ ಮೇಲಿನ ಉಳಿದ ಚೌಕಗಳಲ್ಲಿ ಮಕ್ಕಳು ಹೌದೆಂದು ತಲೆಯಾಡಿಸಿದರು. ಅವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ತರಗತಿ ಮುಗಿದ ಕೂಡಲೇ ಹಾಜಿರಾಳ ಫೋನು. "ನೀಲಕ್ಕ, ಮಗು ಎಷ್ಟು ಆರಾಮಾಗಿ ಹೇಳ್ತು ನೋಡಿದ್ರಾ? ನಂಗೆ ಅಲರ್ಜಿ ಇಲ್ಲ ಅಂತಾರಲ್ಲ, ಹಾಗೆ."

"ತಪ್ಪು ಹುಡುಗೀದಲ್ಲ. ಡಿಸೆಂಬರ್ ಬಂತಂದ್ರ ನಾವೆಲ್ಲಾ ಊರಿಗೆ ಹೊಂಟೇವಿ, ಊರಿಗೆ ಹೊಂಟೇವಿ ಅಂತ ಕುಣಿತೀವಿ. ಅದು ಕೇಳ್ಕೊಂಡದ."

"ಅದನ್ನೇ ನಿಲ್ಲಿಸ್ಬೇಕು."

"ಏನು, ಹೋಗೋದನ್ನ?"

"ಹೋಗೋದನ್ನಲ್ಲ. ಅನ್ನೋದನ್ನ."

ಅಂದಿನಿಂದ ಅವಳ ಬಾಯಲ್ಲಿ ಮೈಸೂರು ಬರಿಯ ಮೈಸೂರಾಯಿತು. ಊರು ಎಂದರೆ ಕ್ಯಾರಿ. ಮುಂದೊಮ್ಮೆ ತಂದೆಯನ್ನು ನೋಡಿ ಬಂದಾಗ ಏರ್‌ಪೋರ್ಟಿನಿಂದ ನನಗೆ ಕಳಿಸಿದ ಸಂದೇಶ, 'ಊರಿಗೆ ಬಂದೆ.' ಮೈಸೂರಿನಲ್ಲಿ ಚಿಕ್ಕಮ್ಮಂದಿರು "ಊರಿಗೆ ಯಾವಾಗ ಬಂದೆ?" ಎಂದು ಕೇಳಿದ್ದಕ್ಕೆ "ಊರಿಂದ ಮೊನ್ನೆ ಬಂದೆ" ಎಂದು ಉತ್ತರಿಸಿ ಬೈಸಿಕೊಂಡಳು. ಬೇಸರವಾಗಲಿಲ್ಲವಾ ಎಂದು ನಾನು ಕೇಳಿದರೆ, "ಆಯ್ತು. ಅದಕ್ಕೇನೀಗ?" ಎಂದಳು.

ಪದದ ಹುಚ್ಚು ಹಿಡಿಸಿದ್ದು ಅವಳ ಸಹೋದ್ಯೋಗಿ ಐಲ್ಸಾ. ಆಕೆ ಫಯೆಟ್‌ವಿಲ್ ಕಡೆಯವಳು. ಆಕೆಯ ಹಿರಿಯರು ಸ್ಕಾಟ್ಲೆಂಡಿನ ಬೆಟ್ಟಸೀಮೆಯಿಂದ ಬಂದು ಕೇಪ್ ಫಿಯರ್ ನದಿಯ ದಂಡೆಯಲ್ಲಿ ಒಕ್ಕಲಾದವರು. ಎಷ್ಟೋ ತಲೆಮಾರು ಅಲ್ಲಿ ಗೇಲಿಕ್ ಮಾತಾಡಿಕೊಂಡಿದ್ದರು. ಮನೆಯಲ್ಲಿ ಮರೆತುಹೋದ ಆ ಭಾಷೆಯನ್ನು ಐಲ್ಸಾ ಲಾಕ್‌ಡೌನಿನಲ್ಲಿ ಫೋನ್ ಹಿಡಿದು ಕಲಿಯುತ್ತಿದ್ದಳು. ಯಾಮಿನಿಯ ಕತೆ ಕೇಳಿ ನಕ್ಕು, "ಊರ್ ಅಂತ ನಮ್ಮಲ್ಲೂ ಇದೆ," ಎಂದಳಂತೆ. ಗೇಲಿಕ್‌ನಲ್ಲಿ ಊರ್ ಎಂದರೆ ಹೊಸದು, ತಾಜಾ. ಅದನ್ನೇ ಕೊನೆಗೆ ನಾಲಿಗೆ ತುಸು ಮೆತ್ತಗೆ ಮಾಡಿ ಅಂದರೆ ಮಣ್ಣು. ಹೊಲದ ಮಣ್ಣಿಗೂ ಅದೇ, ಗೋರಿಯ ಮಣ್ಣಿಗೂ ಅದೇ. ಐರಿಷ್‌ನಲ್ಲೂ ಹೆಚ್ಚುಕಮ್ಮಿ ಹೀಗೇ.

ಆಮೇಲೆ ನನಗೆ ಬೆಳಗಾದರೆ ಹಾಜಿರಾಳ ಒಂದು ಸಂದೇಶ. ಗೇಲಿಕ್ ಸೇರಿದ ಅದೇ ಕೆಲ್ಟಿಕ್ ಭಾಷಾಕುಟುಂಬದ, ಫ್ರಾನ್ಸಿನ ಪಶ್ಚಿಮ ತುದಿಯ ಬ್ರೆಟನ್‌ನಲ್ಲಿ ಉರ್ ಎಂದರೆ 'ಒಂದು'. ಅಲ್ಲಿಂದ ಕೆಳಗಿಳಿದು ಬಾಸ್ಕ್ ನಾಡಿಗೆ ಹೋದರೆ ಉರ್ ನೀರು. ಜರ್ಮನ್‌ನಲ್ಲಿ ಪದದ ಮುಂದೆ ಊರ್ ಸೇರಿಸಿದರೆ ಮೊಟ್ಟಮೊದಲಿನದು, ಮೂಲದ್ದು. ಹೀಬ್ರೂವಿನಲ್ಲಿ ಊರ್ ಎಂದರೆ ಬೆಂಕಿಯ ಬೆಳಕು. ಇನ್ನು ನಮ್ಮಲ್ಲಿ ನೆಲೆಸುವ ಜಾಗ ಊರು. ಕಾಲು ಊರುವುದು, ಬೀಜ ಊರುವುದು, ಬಾಯಲ್ಲಿ ನೀರೂರುವುದು ಬೇರೆ. ಇವಕ್ಕೂ ಊರಿಗೂ ಮೂಲ ಒಂದಲ್ಲ, ಹಳಗನ್ನಡದಲ್ಲಿ ಈ ಕ್ರಿಯಾಪದಗಳ 'ರ' ಅಕ್ಷರವೇ ಬೇರೆ ಎಂದು ನಾನು ಹೇಳಿದಾಗ ಅವಳಿಗೆ ಇನ್ನಷ್ಟು ಖುಷಿಯಾಯಿತು. "ನೋಡಿ, ಒಂದೇ ಮನೇಲಿ ಇದ್ಕೊಂಡೂ ನೆಂಟರಲ್ಲ!"

ಕೂಟದ ಹಿರಿಯರು ಸೋಮಲಿಂಗಪ್ಪ ಅಂಕಲ್. ಬಾಗಲಕೋಟೆ ಕಡೆಯ ನಿವೃತ್ತ ಎಂಜಿನಿಯರ್. ವಿಷಯ ಅವರ ಕಿವಿಗೆ ಬಿದ್ದದ್ದೇ ತಡ, ಮುಂದಿನ ಸಭೆಯಲ್ಲಿ ಪರದೆಯ ತೀರ ಹತ್ತಿರ ಬಂದು ಶುರು ಮಾಡಿದರು.

"ಇರಾಕದಾಗ ಊರ್ ಅಂತ ಪಟ್ಟಣ ಇತ್ತು. ಸ್ಕಾಟ್ಲೆಂಡಿನಾಗ ಊರ್. ಜರ್ಮನಿಯಾಗ ಊರ್! ಎಲ್ಲಾ ನಮ್ಮಿಂದ ಹೋದದ್ದವಾ. ಇದನ್ನ ಮಕ್ಕಳಿಗೆ ಕಲಿಸ್ರಿ."

"ಅಂಕಲ್, ಮೇಷ್ಟ್ರನ್ನ ಸಾರ್ ಅಂತೀವಿ," ಎಂದಳು ಹಾಜಿರಾ. "ಅನ್ನಕ್ಕೆ ಹಾಕ್ಕೊಳ್ಳೋದೂ ಸಾರು. ಅವರಿಬ್ಬರೂ ಅಣ್ಣತಮ್ಮಂದಿರಾ?"

"ಏ, ಅದು ಬ್ಯಾರೆ ಬಿಡವಾ."

"ಇದೂ ಬೇರೆನೇ ಅಂಕಲ್."

ಅವರು ಕ್ಯಾಮೆರಾ ಆಫ್ ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ನಗುವ ಸದ್ದು ಮಾತ್ರ ಕೇಳಿಸಿತು. ಮೈಕ್ ಆಫ್ ಮಾಡಲು ಮರೆತಿದ್ದರು.

ತರಗತಿಯಲ್ಲಿ ಅವಳು ಹೇಳಿಕೊಟ್ಟದ್ದು ಇಷ್ಟೇ. ಪದ ಎಲ್ಲಿಂದ ಬಂತು ಎನ್ನುವುದು ಒಂದು ಪ್ರಶ್ನೆ, ಈಗ ನಮ್ಮ ಬಾಯಲ್ಲಿ ಏನು ಹೇಳುತ್ತದೆ ಎನ್ನುವುದು ಇನ್ನೊಂದು, ಎರಡನ್ನೂ ಕಲಸಬೇಡಿ. ಆಮೇಲೆ ಒಬ್ಬೊಬ್ಬರಿಂದಲೂ ಅವರವರು ಇರುವ ಪಟ್ಟಣ ಹೇಳಿಸಿದಳು: ನನ್ನ ಊರು ಏಪೆಕ್ಸ್, ನನ್ನ ಊರು ಮಾರಿಸ್‌ವಿಲ್. ಯಾಮಿನಿ ಬಹಳ ಯೋಚಿಸಿ, "ಹಾಗಾದ್ರೆ ನಮ್ಮೂರಲ್ಲೂ ಮಸ್ಕಿಟೊ ಇದೆ," ಎಂದಳು.

ಎಲ್ಲರಿಗೂ ಇದು ರುಚಿಸಲಿಲ್ಲ. ಮಕ್ಕಳನ್ನು ಬೇರಿನಿಂದ ಕಡಿಯುತ್ತಿದ್ದೀರಿ ಎಂದು ಶಶಿಕಾಂತ್ ಎಂಬ ತಂದೆ ಬರೆದರು. ಅವಳು ತಕ್ಷಣ ಫೋನ್ ಮಾಡಿದಳು. "ಶಶಿಕಾಂತ್, ಬೇರೂರೋದು ಅಂತೀವಲ್ಲ, ಅದನ್ನ ಗಾಳೀಲಿ ಮಾಡಕ್ಕಾಗಲ್ಲ. ಮಗು ಎಲ್ಲಿ ನಿಂತಿದೆಯೋ ಅಲ್ಲೇ ಮಾಡ್ಬೇಕು." ಅವರು ತಿಂಗಳೊಪ್ಪತ್ತು ಮಗನನ್ನು ಕಳಿಸಲಿಲ್ಲ. ಆಮೇಲೆ ಕಳಿಸಿದರು.

ಇಪ್ಪತ್ಮೂರರ ಬೇಸಿಗೆಯಲ್ಲಿ ಅವಳ ಹೊಟ್ಟೆಯಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಕಿಮೋ ನಡೆಯುವಾಗಲೂ ಭಾನುವಾರ ಬಿಡಲಿಲ್ಲ, ಜನವರಿಯವರೆಗೆ ಕಲಿಸಿದಳು. ಸಾವಿನ ವಿಷಯ ಬಂದರೆ ಯೂನುಸ್ ಎದ್ದು ಹೋಗುತ್ತಿದ್ದ. ಹಾಗಾಗಿ ಆ ಮಾತು ಕೊನೆಯ ಮಧ್ಯಾಹ್ನದವರೆಗೂ ಬರಲೇ ಇಲ್ಲ. ಬಂದಾಗ ಅವಳಲ್ಲಿ ಒಂದು ಪದಕ್ಕಾಗುವಷ್ಟೇ ಉಸಿರಿತ್ತು.

ಅವಳ ಅಣ್ಣ ಕಾಮ್ರಾನ್ ಇರುವುದು ಮೇರಿಲೆಂಡಿನ ಎಲಿಕಾಟ್ ಸಿಟಿಯಲ್ಲಿ. ಸುದ್ದಿ ತಿಳಿದ ಕೂಡಲೇ ಡ್ರೈವ್ ಮಾಡಿಕೊಂಡು ಬಂದರು. ಒಳಗೆ ಬರುವಷ್ಟರಲ್ಲಿ ಯೂನುಸ್ ಅವರಿಗೆ ಫೋನಿನಲ್ಲೇ 'ಊರಲ್ಲೇ' ಎಂದಿದ್ದನ್ನು ಹೇಳಿದ್ದ. ಅವರು ದಾರಿಯಿಂದಲೇ ಮೈಸೂರಿಗೆ ಹೇಳಿದ್ದರು. ತಂದೆ ಮಗಳ ಮುಖ ನೋಡಲು ಕಾಯುತ್ತಿದ್ದಾರೆ ಎಂದರು. ಕಾನ್ಸುಲೇಟಿನ ಕಾಗದ, ವಿಮಾನ, ಎಲ್ಲಕ್ಕೂ ಒಂದು ವಾರವಾದರೂ ಬೇಕು; ದೇಹ ಕೆಡದಂತೆ ಔಷಧಿ ಚುಚ್ಚಬೇಕು. ಇತ್ತ ಮಸೀದಿಯವರು ಉತ್ತರಕ್ಕೆ ಕಾಯುತ್ತಿದ್ದರು. ಇಲ್ಲೇ ಆದರೆ ಅದೇ ಸಂಜೆ ದಫನ್.

ನಾನು ಹೇಳಿದೆ: "ಕಾಮ್ರಾನ್ ಭಾಯಿ, ಹಾಜಿರಾ ಹೇಳಿದ ಊರು ಮೈಸೂರಲ್ಲ. ಈ ಊರು."

ಅವರು ನನ್ನನ್ನು ನೋಡಿದ ನೋಟ ಇಂದಿಗೂ ನೆನಪಿದೆ. "ನೀಲಾ ಅವರೆ, ಪಾಠ ಇನ್ನೊಂದಿನ ಮಾಡಿ. ಸಾಯೋರು ಊರು ಅಂದ್ರೆ ಹುಟ್ಟಿದೂರು. ಅದಕ್ಕೆ ಡಿಕ್ಷನರಿ ಬೇಕಾಗಿಲ್ಲ."

ಅವರ ಮಾತು ಹಗುರದ್ದಲ್ಲ. ನಾನು ಗದಗಿನವಳು, ಸಾಯುವಾಗ ನನ್ನ ಬಾಯಲ್ಲಿ ಊರು ಬಂದರೆ ಅದು ಗದಗೇ ಆಗಬಹುದು. ಮೇಲಾಗಿ ನಾನು ಅವರ ಮನೆಯವಳಲ್ಲ, ಅವರ ಧರ್ಮದವಳೂ ಅಲ್ಲ. ಆದರೆ ಅವಳು ಬಳಸಿದ ಪದ ನನಗೆ ಗೊತ್ತಿತ್ತು. ಸುಮ್ಮನಿದ್ದರೆ ಅವಳ ಮಾತನ್ನು ಅವಳ ಬಾಯಿಂದ ಕಿತ್ತುಕೊಂಡಂತೆ.

"ಯೂನುಸ್," ಎಂದೆ, "ಹೋದ ವಾರ ಜ್ವರದಾಗ ಏನೇನೋ ಕನವರಿಸ್ತಿದ್ಲು. ನಿನ್ನ ಹೆಸರೂ ತಪ್ಪಿ ಹೇಳಿದ್ಲು. ಅವಾಗ ಕೇಳಿದ್ಲಲ್ಲ, ಊರೆಲ್ಲಾ ಹಳದಿ ಆಯ್ತಾ ಅಂತ? ನೀನೇ ಹೊರಗ ನೋಡಿ ಬಂದು ಹೂಂ ಅಂದಿ. ಮೈಸೂರು ಯಾವತ್ತರ ಹಳದಿ ಆಗ್ತದೇನು?"

ಪ್ರತಿ ಮಾರ್ಚಿನಲ್ಲಿ ಇಲ್ಲಿ ಪೈನ್ ಮರಗಳು ಪರಾಗ ಉದುರಿಸುತ್ತವೆ. ಕಾರು, ಮೆಟ್ಟಿಲು, ಕಿಟಕಿ, ಎಲ್ಲದರ ಮೇಲೂ ಅರಿಶಿನ ಚೆಲ್ಲಿದ ಹಾಗೆ. ಯೂನುಸ್ ತಲೆ ಎತ್ತಿದ. ಆದರೂ, "ಅದು ಮಕ್ಕಳಿಗೋಸ್ಕರ ಅವಳು ಮಾಡ್ಕೊಂಡಿದ್ದ ಆಟ, ನೀಲಕ್ಕ," ಎಂದ. "ಕೊನೇ ಗಳಿಗೇಲಿ ಯಾರಾದ್ರೂ ಆಟ ಆಡ್ತಾರಾ?"

ಹಾಜಿರಾ-ಯೂನುಸರ ಮಗಳು ಹಮ್ನಾ ಮೆಟ್ಟಿಲ ಮೇಲೆ ಕೂತಿದ್ದಳು. ಹೈಸ್ಕೂಲಿನ ಕೊನೆಯ ವರ್ಷ.

"ಇಟ್ ವಾಸ್ ನಾಟ್ ಎ ಗೇಮ್, ಅಬ್ಬೂ. ಇಂಡಿಯಾಗೆ ಊರು ಅಂದ್ರೆ ಅಮ್ಮಿ ಪಾತ್ರೆ ತೊಳೆಸ್ತಿದ್ರು. ನಂಗೆ, ನಿಮ್ಗೆ. ಮಾಮೂ, ನಿಮ್ಗೂ. ಥ್ಯಾಂಕ್ಸ್‌ಗಿವಿಂಗ್‌ಗೆ ಬಂದಾಗ ಊರಿಗೆ ಟಿಕೆಟ್ ಬುಕ್ ಮಾಡ್ದೆ ಅಂದ್ರಿ. ಬಿರಿಯಾನಿ ಪಾತ್ರೆ ತೊಳೆದಿದ್ದು ಯಾರು?"

ಕಾಮ್ರಾನ್ ಕೈಯಲ್ಲಿದ್ದ ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟರು.

"ಆ ವರ್ಡ್‌ಗೆ ನಾನು ಎಷ್ಟು ಪಾತ್ರೆ ತೊಳೆದಿದ್ದೀನಿ," ಎಂದಳು ಹಮ್ನಾ. "ಈಗ ನೀವು ಮೀನಿಂಗ್ ಚೇಂಜ್ ಮಾಡೋ ಹಾಗಿಲ್ಲ. ಅಮ್ಮೀನ ಅಲ್ಲಿಗೆ ತಗೊಂಡು ಹೋದ್ರೆ ಅದು ಸುಳ್ಳು ಅಂತ ಆಗುತ್ತೆ. ಆಮೇಲೆ ನಂಗೆ ಊರು ಎಲ್ಲಿ?"

ಯೂನುಸ್ ಎರಡೂ ಕೈಯಿಂದ ಮುಖ ಒರೆಸಿಕೊಂಡ. "ಅವಳು ಸರಿಯಾಗೇ ಹೇಳಿದ್ಲು. ನಾನು ಹಳೇ ಕಿವೀಲಿ ಕೇಳಿಸ್ಕೊಂಡೆ," ಎಂದು ಎದ್ದು ಮಸೀದಿಗೆ ಫೋನ್ ಮಾಡಲು ಹೋದ.

ಕಾಮ್ರಾನ್ ನನ್ನ ಕಡೆ ತಿರುಗಿದರು. "ವ್ಯಾಕರಣದಲ್ಲಿ ಗೆದ್ರಿ ನೀವು. ಅಬ್ಬಾಗೆ ಯಾರು ಹೇಳ್ತೀರಿ?"

ಹಮ್ನಾ "ನಾನ್ ಹೇಳ್ತೀನಿ" ಎಂದು ಫೋನ್ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಅವಳ ಉರ್ದುವಿಗಿಂತ ಕನ್ನಡ ಮೇಲು. ಹಾಗಾಗಿ ಅವಳು ನಾನಾ ಎಂದು ಕರೆಯುವ ಅಜ್ಜನೂ ಮೊಮ್ಮಗಳೂ ಕನ್ನಡದಲ್ಲೇ ಮಾತಾಡಿಕೊಳ್ಳುವುದು. "ನಾನಾ, ಅಮ್ಮೀನ ಇಲ್ಲೇ ಇಡ್ತೀವಿ. ಅಮ್ಮೀನೇ ಹೇಳಿದ್ದು," ಎನ್ನುವುದು ನಮಗೆ ಕೇಳಿಸಿತು. ಹೊರಗೆ ಬಂದು, ನಾನಾ ಫೋನ್ ಇಟ್ಟುಬಿಟ್ಟರು ಎಂದಳು.

ಸಂಜೆ ಮಣ್ಣು ಮಾಡಿದೆವು. ಮಳೆ ಬಂದು ಹೋಗಿತ್ತು. ಇಲ್ಲಿಯ ಕೆಂಪು ಜೇಡಿ ಶೂಗೆ ಮೆತ್ತಿಕೊಂಡರೆ ಬಿಡುವುದಿಲ್ಲ. ಕಾಮ್ರಾನ್ ತಾವೇ ಗುಂಡಿಗಿಳಿದು ತಂಗಿಯನ್ನು ಇಳಿಸಿಕೊಂಡರು. ಮೇಲೆ ಬರಲು ಕಾಲು ಜಾರಿತು. ಯೂನುಸ್ ಕೈ ಕೊಟ್ಟ, ಅವರು ಹಿಡಿದುಕೊಂಡರು. ಹೆಂಗಸರು ಸ್ವಲ್ಪ ದೂರ ನಿಂತಿದ್ದೆವು. ಐಲ್ಸಾ ಬಂದಿದ್ದಳು. ಸೋಮಲಿಂಗಪ್ಪ ಅಂಕಲ್ ಕೋಲೂರಿಕೊಂಡು ಬಂದು, ಕೊನೆಯವರೆಗೂ ಟೋಪಿ ತೆಗೆಯಬೇಕೋ ಹಾಕಬೇಕೋ ತಿಳಿಯದೆ ಕೈಯಲ್ಲಿ ಹಿಡಿದು ನಿಂತಿದ್ದರು. ಗಂಡಸರ ಸರದಿ ಮುಗಿದ ಮೇಲೆ ಹಮ್ನಾ ಮುಂದೆ ಹೋಗಿ ಮೂರು ಹಿಡಿ ಮಣ್ಣು ಹಾಕಿದಳು. ಯಾರೂ ಬೇಡವೆನ್ನಲಿಲ್ಲ.

ಮೈಸೂರಿನಿಂದ ಫೋನ್ ಬರಲಿಲ್ಲ. ಯೂನುಸ್ ಮಾಡಿದರೆ ಚಿಕ್ಕಮ್ಮಂದಿರು ಎತ್ತುತ್ತಿದ್ದರು. ತಂದೆ ಮಲಗಿದ್ದಾರೆ, ನಮಾಜಿಗೆ ಹೋಗಿದ್ದಾರೆ. ನಾನು ಮಾಡಿದ್ದು ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಅಂದೂ ಇರಲಿಲ್ಲ. ಆದರೆ ಮಗಳ ಮುಖ ನೋಡದ ಒಬ್ಬ ಅಪ್ಪನ ಮುಂದೆ ಸರಿ ಎನ್ನುವುದಕ್ಕೆ ಹೆಚ್ಚು ಬೆಲೆಯಿಲ್ಲ ಎಂದೂ ಗೊತ್ತಿತ್ತು.

ಏಪ್ರಿಲ್‌ನಲ್ಲಿ ಒಂದು ಶನಿವಾರ ಬೆಳಿಗ್ಗೆ ಹಮ್ನಾಳನ್ನು ಕರೆದುಕೊಂಡು ಕಬರಸ್ಥಾನಕ್ಕೆ ಹೋಗಿದ್ದೆ. ಅವಳ ಫೋನು ಹೊಡೆದುಕೊಂಡಿತು. ವಿಡಿಯೊ ಕರೆ. ಅಜ್ಜ. ಸಲಾಮು ಹೇಳಿ ಎಲ್ಲಿದ್ದೀಯ ಎಂದರು. ಹಮ್ನಾ ಕ್ಯಾಮೆರಾವನ್ನು ಅಮ್ಮಿಯ ಗೋರಿಯ ಕಡೆ ತಿರುಗಿಸಿದಳು. ಅವರು ತುಂಬಾ ಹೊತ್ತು ನೋಡಿದರು. ಕಲ್ಲು ಇನ್ನೂ ಬಂದಿರಲಿಲ್ಲ. ಮಣ್ಣು ಸ್ವಲ್ಪ ಕುಸಿದಿತ್ತು.

"ಪಕ್ಕದಲ್ಲಿ ಯಾರಮ್ಮಾ?" ಎಂದರು.

"ಸೆನದ್ ಅಂತ ನಾನಾ. ಬಾಸ್ನಿಯಾದವ್ರು. ಅವರ ಸನ್ ನಮ್ಮ ಕಾರ್ ರಿಪೇರ್ ಮಾಡ್ತಾರೆ."

"ಈ ಕಡೆ?"

"ಆಮಿನಾ ಆಂಟಿ. ಸುಡಾನ್. ರಂಜಾನ್‌ಗೆ ಮಸೀದಿಲಿ ಅಡುಗೆ ಮಾಡ್ತಿದ್ರು."

"ಬಾಯಿ ಜೋರಾ?"

"ತುಂಬಾ."

"ಸರಿಹೋಯ್ತು. ನಿಮ್ಮಮ್ಮಂಗೆ ಎದುರು ಮಾತಾಡೋರು ಬೇಕು," ಎಂದರು. "ಕಾಲ ಹತ್ರ ಇರೋರು?"

ಕೆಳಗಿನ ಸಾಲಿನ ಕಲ್ಲು ಹುಲ್ಲಿನ ಮಟ್ಟಕ್ಕೇ ಇತ್ತು; ಮಳೆಗೆ ಮಣ್ಣು ಹರಿದು ಅಕ್ಷರಗಳು ಮುಚ್ಚಿಹೋಗಿದ್ದವು. "ಒಂದ್ ನಿಮಿಷ ನಾನಾ," ಎಂದು ಹಮ್ನಾ ಫೋನನ್ನು ನನ್ನ ಕೈಗೆ ಕೊಟ್ಟು, ಮೊಣಕಾಲೂರಿ ಕೂತು, ಅಂಗೈಯಿಂದ ಕೆಸರು ಒರೆಸತೊಡಗಿದಳು.
​